ಖಾಲಿ ಪೈಪಿನ ನೀಲಿ ದಾರ

ಗೋಡೆಯಲ್ಲಿ ಬಿರುಕಿಲ್ಲ, ಬೀಗಕ್ಕೆ ಗೀರಿಲ್ಲ. ಹೊಸ ಮನೆಯ ಗೋಡೆಯೊಳಗಿನ ಪೈಪುಗಳಲ್ಲಿದ್ದ ವೈರು ಮಾತ್ರ ಮಂಗಮಾಯ. ಮನೆಯೊಡತಿಯ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡಿದ್ದವು.

"ಕೀಲಿ ಇರೋದು ಮೂವರ ಹತ್ರ. ನಾನು, ನಮ್ಮೆಜಮಾನ್ರು, ಈ ವೈರ್‌ಮನ್. ಇನ್ನೇನು ಪತ್ತೆ ಮಾಡೋದಿದೆ? ಪೊಲೀಸರನ್ನ ಕರೀತೀನಿ!"

"ಕಳ್ಳ ಅನ್ನಿಸಿಕೊಂಡ ಮೇಲೆ ನನ್ನನ್ನ ಯಾರಮ್ಮಾ ಮನೆಯೊಳಗೆ ಬಿಟ್ಕೋತಾರೆ?" ಎಂದ ವೈರ್‌ಮನ್. ಎದುರುಮನೆಯ ಅತ್ತೆಯನ್ನು ಓಡಿಹೋಗಿ ಕರೆತಂದವನೂ ಅವನೇ.

ಅತ್ತೆ ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ಈಗ ಬೀದಿಯ ಪತ್ತೇದಾರಿಣಿ. ಜೊತೆಗೆ ಬಂದ ಅಳಿಯ ಲೈಬ್ರರಿಯವನು. ಪತ್ತೇದಾರಿಕೆಯಲ್ಲಿ ಅವನ ಪಾಲಿಗೆ ಬರುತ್ತಿದ್ದದ್ದು ಯಾವಾಗಲೂ ಟಾರ್ಚು.

ಅವನು ಬೆಳಕು ಬಿಟ್ಟ. ಪ್ರತಿ ಪೈಪಿನ ಬಾಯಲ್ಲೂ ನೀಲಿ ದಾರದ ತುದಿ ಇಣುಕುತ್ತಿತ್ತು. ಅಡುಗೆಮನೆಯ ಪೈಪಿನಲ್ಲಿ ಮಾತ್ರ ಹರಿದ ವೈರಿನ ಮೋಟು.

"ಇದ್ಯಾಕಪ್ಪ ಹರಿದಿದೆ?" ಅತ್ತೆ ವೈರ್‌ಮನ್‌ನನ್ನು ಕೇಳಿದರು.

"ಆ ದಾರೀಲಿ ಮೂರು ತಿರುವು ಅಮ್ಮಾ. ವಾಶ್‌ಬೇಸಿನ್ ಕನ್ನಡಿ ಹಿಂದೆ ವೈರು ಕೂಡೋ ಜಂಕ್ಷನ್ ಬಾಕ್ಸ್ ಇದೆ. ಅದನ್ನ ಬಿಚ್ಚಿ ಎರಡು ಸಲವಾಗಿ ಎಳೀಬೇಕು."

ಅತ್ತೆ ಕನ್ನಡಿ ಇಳಿಸಿದರು. ಬಾಕ್ಸಿನ ಮುಚ್ಚಳದ ಮೇಲಿನ ಬಣ್ಣ ಒಂದಿಷ್ಟೂ ಕದಲಿರಲಿಲ್ಲ. "ರಾಯರೇ, ಸ್ವಲ್ಪ ಹಿಡ್ಕೊಳ್ಳಿ." ಬಾಗಿಲ ಬಳಿ ನಿಂತಿದ್ದ ಮನೆಯ ಯಜಮಾನರು ಬಂದು ಕನ್ನಡಿಯನ್ನು ಮಣಿಕಟ್ಟುಗಳ ನಡುವೆ ಒತ್ತಿ ಎದೆಗಾನಿಸಿಕೊಂಡರು. ಒಡೆದೀತೆಂಬ ಭಯ ಪಾಪ, ಅಂದುಕೊಂಡ ಅಳಿಯ.

ಅತ್ತೆ ಎಲ್ಲರನ್ನೂ ಹಾಲಿಗೆ ಕರೆದು ಪೇಂಟ್ ಡಬ್ಬಗಳ ಮೇಲೆ ಕೂರಿಸಿದರು.

"ಕದ್ದು ಹೋಗೋನು ಪೈಪಿಗೆ ದಾರ ಪೋಣಿಸಿ ಹೋಗ್ತಾನಾ? ಹಳೇ ವೈರಿನ ಬಾಲಕ್ಕೆ ದಾರ ಕಟ್ಟಿ ಎಳೆದಿದ್ದಾನೆ. ಅದೇ ದಾರಕ್ಕೆ ಬೇರೆ ವೈರು ಕಟ್ಟಿ ಒಳಗೆಳೆಯೋ ಯೋಚನೆ. ಇನ್ನು, ಬಾಕ್ಸ್ ಇರೋದು ಗೊತ್ತಿದ್ದೋನು ಅದನ್ನ ಬಿಚ್ತಿದ್ದ. ಇವನು ಬಲವಂತವಾಗಿ ಎಳೆದು ಹರಿದಿದ್ದಾನೆ. ಹಾಗಾಗಿ ವೈರ್‌ಮನ್ ಅಲ್ಲ. ಉಳಿದ ಕೀಲಿ ಎರಡು. ರಾಯರೇ, ಅಂಗೈ ಬಿಚ್ಚಿ."

ಬೆರಳುಗಳ ಉದ್ದಕ್ಕೂ ವೈರು ಕೊಯ್ದ ಕೆಂಪು ಗೀರು, ಬೊಬ್ಬೆ.

"ಈಗ ನಿಮ್ಮ ಕಾರಿನ ಡಿಕ್ಕಿ ತೆಗೀರಿ. ಅಷ್ಟು ವೈರು ಇನ್ನೆಲ್ಲಿ ಬಚ್ಚಿಡ್ತೀರಿ?"

ಡಿಕ್ಕಿಯಲ್ಲಿ ಕಿತ್ತ ಸಣ್ಣ ವೈರಿನ ರಾಶಿ. ಪಕ್ಕದಲ್ಲೇ ದಪ್ಪ ವೈರಿನ ಹೊಸ ಸುರುಳಿಗಳು.

"ನಿನಗೆ ದಪ್ಪ ವೈರೇ ಹಾಕ್ಸಿದೀನಿ ಅಂದಿದ್ದೆ ಕಣೇ," ಯಜಮಾನರ ದನಿ ಪಾತಾಳಕ್ಕಿಳಿದಿತ್ತು. "ದುಡ್ಡು ಉಳಿಸೋಕೆ ಸಣ್ಣದು ಹಾಕ್ಸಿದ್ದೆ. ನಾಳೆ ಓವನ್ ಬರುತ್ತೆ. ಅಷ್ಟರಲ್ಲಿ ಬದಲಾಯಿಸಿಬಿಡೋಣ ಅಂತ... ನೀನು ಇವತ್ತೇ ಬಂದ್ಬಿಟ್ಟೆ."

"ಸಣ್ಣ ವೈರು ಸಾಲದು ಅಂತ ನಾನು ಆಗಲೇ ಹೇಳಿದ್ದೆ," ಎಂದ ವೈರ್‌ಮನ್. "ನಿಮಗೆ ಗೊತ್ತಾಗೋದು ಬೇಡ ಅಂದ್ರು ರಾಯರು, ಅಮ್ಮಾ. ಗಂಡ ಹೆಂಡ್ತಿ ಮಧ್ಯೆ ನಾನ್ಯಾಕೆ ಅಂತ ಸುಮ್ನಿದ್ದೆ."

"ಅವನು ನಿಮ್ಮ ಮಾನ ಉಳಿಸೋಕೆ ಬಾಯಿ ಮುಚ್ಕೊಂಡಿದ್ದ. ನೀವು ಅವನ ಮಾನ ಹೋಗ್ತಿರೋವಾಗ ಬಾಯಿ ಮುಚ್ಕೊಂಡು ನಿಂತ್ರಲ್ರೀ!" ಎಂದು ಗಂಡನಿಗೆ ಹೇಳಿದ ಮನೆಯೊಡತಿ ನೆಟ್ಟಗೆ ಬಾಲ್ಕನಿಗೆ ನಡೆದರು.

"ಕೇಳಿಸ್ಕೊಳ್ಳಿ! ವೈರ್‌ಮನ್ ಕದ್ದಿಲ್ಲ! ಕಿತ್ತಿದ್ದು ನಮ್ಮೆಜಮಾನ್ರು! ನಾನು ಹೇಳಿದ್ದು ತಪ್ಪು!"

ಬೀದಿಯುದ್ದಕ್ಕೂ ಚಪ್ಪಾಳೆ ಬಿತ್ತು. ವೈರ್‌ಮನ್ ತಲೆಯೆತ್ತಿ ಅವರ ಪಕ್ಕದಲ್ಲಿ ಬಂದು ನಿಂತ.

"ಇನ್ನೊಂದ್ಸಲ ಹೇಳಿ ಅಮ್ಮಾ. ಮೂಲೆಮನೆಯೋರಿಗೆ ಸ್ವಲ್ಪ ಕಿವಿ ಮಂದ."