ಜಾಬ್ರಿಯಾ ವ್ಯಾನಿನ ಖಾಲಿ ಸೀಟು

ಜುಲೈ ಹದಿಮೂರರ ಬೆಳಿಗ್ಗೆ ಆರೂಕಾಲಿಗೆ, ಅರಬ್ ನಾಡಿನ ಫಿಂಟಾಸ್ ಊರಿನ ಠಾಣೆಯೊಳಗೆ ಬಂದ ನರ್ಸಿನ ಬಿಳಿ ಶೂಗಳಿಗೆ ರಕ್ತ ಮೆತ್ತಿತ್ತು. ಹೆಸರು ಅಮಿತಾ, ಊರು ಮುಲ್ಕಿ, ಕೆಲಸ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ. ಇಂಗ್ಲಿಷ್ ಚೆನ್ನಾಗಿ ಬಲ್ಲವಳು, ಆದರೆ ಆ ಹೊತ್ತಿಗೆ ಅವಳ ಬಾಯಿಗೆ ಬಂದದ್ದು ಕನ್ನಡ. ಕ್ಯಾಪ್ಟನ್ ಬದರ್ ದುಭಾಷಿ ಧನಂಜಯ್‌ನನ್ನು ಕರೆಸಿದ. ಪುತ್ತೂರಿನ ಈ ಧನಂಜಯ್ ನಮ್ಮವರ ಜಗಳ, ಕಳ್ಳತನಗಳನ್ನೆಲ್ಲ ವರ್ಷಗಟ್ಟಲೆ ಅರಬ್ಬಿಗೆ ತಿರುಗಿಸಿ ತಿರುಗಿಸಿ ಮನುಷ್ಯರ ಮೇಲಿನ ಭರವಸೆಯನ್ನು ಅರ್ಧ ಕಳೆದುಕೊಂಡಿದ್ದವನು.

"ನಮ್ಮ ವ್ಯಾನಿನ ಡ್ರೈವರ್ ಶಾಹುಲ್ ಹಮೀದ್," ಎಂದಳು ಅಮಿತಾ. "ನಮ್ಮ ಬಿಲ್ಡಿಂಗಿನ ಹಿಂದೆ ಉಂಟು ವ್ಯಾನ್. ಇಂಜಿನ್ ಚಾಲೂ ಉಂಟು. ಬಾಗಿಲು ತೆಗ್ದೆ. ಅವರ ತಲೆ... ನಾನು ನರ್ಸ್ ಅಲ್ವಾ, ನಾಡಿ ನೋಡಿದೆ. ಇಲ್ಲ."

ದೂರು ದಾಖಲಾಯಿತು. ಹದಿನೈದು ನಿಮಿಷದಲ್ಲಿ ಬದರ್, ಧನಂಜಯ್ ಮತ್ತು ಪೇದೆ ಸಾಲಿಂ ಸ್ಥಳದಲ್ಲಿದ್ದರು. ಹನ್ನೆರಡು ಸೀಟಿನ ಬಿಳಿ ವ್ಯಾನ್, ಒಳಗೆ ಎಸಿ ಇನ್ನೂ ತಣ್ಣಗೆ ಬೀಸುತ್ತಿತ್ತು. ಶಾಹುಲ್ ಸ್ಟೇರಿಂಗಿನ ಮೇಲೆ ಬೋರಲಾಗಿದ್ದ. ತಲೆಯ ಹಿಂಭಾಗ ಒಡೆದು ಒಳಗೆ ಕುಸಿದಿತ್ತು. ಮುಂದಿನ ಗಾಜಿನವರೆಗೂ ರಕ್ತ ಸಿಡಿದಿತ್ತು. ಮೊದಲ ಏಟಿಗೇ ಸತ್ತಿರಲಿಲ್ಲ. ತಲೆಗೆ ಅಡ್ಡ ಹಿಡಿದ ಎರಡು ಬೆರಳುಗಳ ಮೂಳೆ ಮುರಿದಿತ್ತು. ಚಕ್ರ ಬಿಚ್ಚುವ ಪಾನಾ ಸೀಟಿನ ಕೆಳಗೆ ಬಿದ್ದಿತ್ತು, ಅದಕ್ಕೆ ಕೂದಲು ಅಂಟಿತ್ತು. ಸಾಲಿಂ ಅದನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟ.

ನಮ್ಮೂರಲ್ಲಾದರೆ ಪಂಚನಾಮೆ ಎನ್ನುವುದನ್ನು ಇಲ್ಲಿಯ ಪದ್ಧತಿಯಂತೆ ಬರೆದು ಮುಗಿಸಿದರು. ಜೇಬಿನ ಹಣ, ಮೊಬೈಲು, ಕೈಗಡಿಯಾರ ಯಾವುದೂ ಹೋಗಿರಲಿಲ್ಲ. ಬದರ್ ಮಾತ್ರ ಡ್ರೈವರಿನ ಹಿಂದಿನ ಸೀಟನ್ನೇ ನೋಡುತ್ತ ನಿಂತ. ಆ ಸೀಟಿನ ಎಡಕ್ಕೂ ಬಲಕ್ಕೂ ರಕ್ತದ ಹನಿಗಳಿದ್ದವು; ನಡುವೆ ಒಬ್ಬ ಮನುಷ್ಯನಷ್ಟು ಜಾಗ ಸ್ವಚ್ಛವಾಗಿತ್ತು.

"ಹೊಡೆದವನು ಇಲ್ಲೇ ಕೂತು ಬಂದಿದ್ದಾನೆ," ಎಂದ ಬದರ್. "ಇದು ಯಾರ ಜಾಗ, ಕೇಳು."

ಧನಂಜಯ್ ಕೇಳಿದ. ಅಮಿತಾ ತಲೆ ಅಲ್ಲಾಡಿಸಿದಳು. "ಅಲ್ಲಿ ಯಾರೂ ಕೂತ್ಕೊಳ್ಳುದಿಲ್ಲ. ನಮ್ಮದು ಎಲ್ರಿಗೂ ಸೀಟು ಫಿಕ್ಸ್. ಅದು ಝುಹ್ರಾಳದ್ದು. ಫಾತಿಮತ್ ಝುಹ್ರಾ. ಅವಳು ತೀರಿಹೋದ ಮೇಲೆ ಹಾಗೇ ಬಿಟ್ಟಿದ್ದೇವೆ."

"ಹೇಗೆ ತೀರಿಹೋದದ್ದು?"

"ಹೋದ ತಿಂಗಳು. ವ್ಯಾನ್ ಅವಳನ್ನು ಬಿಟ್ಟು ಹೋಯ್ತು. ಬಸ್ಸು ಹಿಡಿಲಿಕ್ಕೆ ಹೈವೇ ದಾಟಿದ್ಲು. ನೀರಿನ ಟ್ಯಾಂಕರ್ ಹೊಡೀತು."

"ಶಾಹುಲ್ ಯಾಕೆ ಬಿಟ್ಟು ಹೋದ?"

"ಗೊತ್ತಿಲ್ಲ. ಅವರು ಬಾಯೇ ಬಿಡ್ಲಿಲ್ಲ. ಬಿಲ್ಡಿಂಗಿನ ಕೆಳಗೆ ಬಂದು ಮಿಸ್ಡ್ ಕಾಲ್ ಕೊಡ್ತಾರೆ. ರಿಂಗ್ ಆಗಿ ನಿಂತ್ರೆ ನಾವು ಬರ್ತೇವೆ ಅಂತ ಲೆಕ್ಕ. ನಾವು ಕಟ್ ಮಾಡಿದ್ರೆ ಇವತ್ತು ನಮಗೆ ರಜೆ, ಕಾಯುದು ಬೇಡ ಅಂತ. ಝುಹ್ರಾಳಿಗೆ ಕಾಲೇ ಕೊಡ್ಲಿಲ್ಲ ಅಂತ ಅವಳ ಗಂಡ ಎಲ್ಲರ ಹತ್ರ ಹೇಳಿದ. ಅಂದಿನಿಂದ ನಾವು ಯಾರೂ ಶಾಹುಲಾಕನಿಗೆ ಒಂದು ಸಲಾಂ ಸಹ ಹೇಳ್ಲಿಲ್ಲ." ಇಷ್ಟು ಹೇಳಿ ಅವಳು ತನ್ನ ಶೂ ಕಡೆ ನೋಡಿಕೊಂಡು ಅಳತೊಡಗಿದಳು.

ಸತ್ತವಳ ಸೀಟಿನಲ್ಲಿ ಸಲೀಸಾಗಿ ಕೂರುವವನು ಅವಳ ಮನೆಯವನೇ ಇರಬೇಕು ಎಂದು ಬದರ್ ಲೆಕ್ಕ ಹಾಕಿದ. ಗಂಡ ಸಿರಾಜ್ ಫಹಾಹೀಲಿನ ಒಂದು ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿ. ಪಾಳಿ ಮುಗಿದ ಮೇಲೆ ಅದೇ ವ್ಯಾನ್ ಹತ್ತಿ ಹೋದದ್ದನ್ನು ಅಂಗಡಿಯ ಮಾಲೀಕ ಫೋನಿನಲ್ಲೇ ಹೇಳಿದ. ಅವನ ಕೋಣೆ ವ್ಯಾನ್ ನಿಂತಲ್ಲಿಂದ ಎರಡು ಬೀದಿ ಆಚೆ.

ಸಿರಾಜ್ ಆಗಷ್ಟೇ ಸ್ನಾನ ಮುಗಿಸಿ ಬಾಗಿಲು ತೆರೆದ. ಬಲಗೈಗೆ ಬಟ್ಟೆ ಸುತ್ತಿತ್ತು.

"ಬೆಳಿಗ್ಗೆ ಎಷ್ಟೊತ್ತಿಗೆ ಬಂದೆ?" ಎಂದು ಕೇಳಿದ ಧನಂಜಯ್.

"ನಾನು ಆ ವ್ಯಾನಿಗೆ ಹತ್ತಲೇ ಇಲ್ಲ ಸಾರ್."

ವ್ಯಾನಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಸಾಲಿಂ ಬಚ್ಚಲಿಗೆ ನುಗ್ಗಿದ. ಬಕೆಟ್ಟಿನಲ್ಲಿ ಅಂಗಿ ನೆನೆಯುತ್ತಿತ್ತು, ನೀರು ಕೆಂಪಾಗಿತ್ತು. ಅಷ್ಟರಲ್ಲಿ ಸಿರಾಜ್ ಒಲೆಯ ಪಕ್ಕದ ಮೀನು ಕೊಯ್ಯುವ ಚೂರಿ ಎಳೆದುಕೊಂಡಿದ್ದ. ತಡೆಯಲು ಬಂದ ಸಾಲಿಂನ ಮುಂಗೈಯನ್ನು ಮೊಣಕೈವರೆಗೆ ಸೀಳಿದ. ಬದರ್ ಅವನ ಮುಖವನ್ನು ಗೋಡೆಗೆ ಒತ್ತಿ ಹಿಡಿದ; ಮೂಗು ಒಡೆದು ರಕ್ತ ಸುಣ್ಣದ ಗೋಡೆಯ ಮೇಲೆ ಇಳಿಯಿತು. ಚೂರಿ ಬೀಳುವವರೆಗೆ ಅವನ ಕೈಯನ್ನು ತಿರುಚಿದರು. ಎಂಟು ಗಂಟೆಗೆ ಬಂಧನ ದಾಖಲಾಯಿತು.

ಠಾಣೆಯಲ್ಲಿ ಅವನು ಮಧ್ಯಾಹ್ನದವರೆಗೆ ಒಂದೇ ಮಾತು ಹಿಡಿದು ಕೂತ. "ಅವನು ನನ್ನ ಹೆಂಡತಿಯನ್ನು ಬಿಟ್ಟು ಹೋದ. ಅದಕ್ಕೆ ಹೊಡೆದೆ. ಖಲಾಸ್."

ಬದರ್‌ಗೆ ಇದು ಒಪ್ಪಿಗೆಯಾಗಲಿಲ್ಲ. ಸಿಟ್ಟಿಗೆ ಕೊಲ್ಲುವವನು ತಿಂಗಳು ಕಾಯುವುದಿಲ್ಲ. ಶಾಹುಲ್‌ನ ಮೊಬೈಲಿನಲ್ಲಿ ಝುಹ್ರಾ ಸತ್ತ ದಿನದ ಕರೆಯನ್ನು ಹುಡುಕಿಸಿದ. ಕರೆ ಹೋಗಿತ್ತು. ಆ ಕಡೆಯಿಂದ ಕಟ್ ಆಗಿತ್ತು.

"ಶಾಹುಲ್ ಮಿಸ್ಡ್ ಕಾಲ್ ಕೊಟ್ಟಿದ್ದ. ಕಟ್ ಮಾಡಿದ್ದು ಯಾರು?" ಎಂದು ಕೇಳಿದ ಧನಂಜಯ್.

ಸಿರಾಜ್ ಧನಂಜಯ್ ಕಡೆಗೆ ಬಾಗಿದ. ಆಮೇಲೆ ಕನ್ನಡದಲ್ಲಿ, ಧನಂಜಯ್‌ಗೆ ಮಾತ್ರ ಎಂಬಂತೆ ಹೇಳಿದ.

"ನಾನು. ಪಾಳಿ ಮುಗಿಸಿ ಬಂದು ಮಲಗಿದ್ದೆ. ಅವಳು ಬಚ್ಚಲಲ್ಲಿದ್ಲು. ಫೋನು ತಲೆದಿಂಬಿನ ಹತ್ರ ಇತ್ತು. ನಿದ್ದೆಯಲ್ಲಿ ಒತ್ತಿಬಿಟ್ಟೆ. ಕಟ್ ಮಾಡಿದ್ರೆ ರಜೆ ಅಂತ ನಂಗೆ ಯಾರು ಹೇಳಿದ್ದಾರೆ ಸಾರ್? ಅವಳು ಕೆಳಗಿಳಿದು ನೋಡಿದ್ರೆ ವ್ಯಾನ್ ಇಲ್ಲ."

"ಶಾಹುಲ್‌ಗೆ ಗೊತ್ತಿತ್ತಾ?"

"ದಫನ ಮಾಡುವ ದಿನ ನನ್ನನ್ನು ಬದಿಗೆ ಕರೆದು, ಕಟ್ ಮಾಡಿದ್ದು ನೀನಾ ಅಂತ ಕೇಳಿದ. ನಾನು ಕಾಲು ಹಿಡಿದೆ. ಯಾರಿಗೂ ಹೇಳ್ಳಿಲ್ಲ ಅವನು. ಎಲ್ಲರೂ ಮುಖಕ್ಕೆ ಉಗಿದ್ರೂ ಹೇಳ್ಳಿಲ್ಲ. ನಾನೂ ಸುಮ್ಮನೆ ನೋಡ್ತಾ ನಿಂತೆ. ಈಗ ಅವನಿಗೆ ರಜೆ ಸಿಕ್ಕಿತ್ತು, ಊರಿಗೆ ಹೊರಟಿದ್ದ. ನನ್ನ ಮಾಮಿ ಕದೀಜುಮ್ಮ, ಝುಹ್ರಾಳ ತಾಯಿ, ಅವರ ಮನೆ ಅವನ ಮನೆಯ ಹತ್ರವೇ. ಮಾಮಿ ಫೋನಿನಲ್ಲಿ ಅವನಿಗೆ ಶಾಪ ಹಾಕಿದ್ರು. ಕದೀಜುಮ್ಮನ ಎದುರು ಕಳ್ಳನ ಹಾಗೆ ತಿರುಗಾಡ್ಲಿಕ್ಕೆ ಆಗುದಿಲ್ಲ, ಸತ್ಯ ಹೇಳಿಬಿಡ್ತೇನೆ ಅಂದ. ಇವತ್ತು ಅಂಗಡಿಯ ಹತ್ರ ಅವನ ವ್ಯಾನ್ ಹತ್ತಿ ದಾರಿಯುದ್ದ ಬೇಡಿಕೊಂಡೆ. ವ್ಯಾನ್ ನಿಲ್ಲಿಸಿ ತಿರುಗಿ ನೋಡದೆ ಇಲ್ಲ ಅಂದ. ಪಾನಾ ಕಾಲಡಿಯಲ್ಲಿತ್ತು."

"ಎಷ್ಟು ಸಲ ಹೊಡೆದೆ?"

"ಅವನು ನನ್ನ ಹೆಸರು ಹಿಡಿದು ಕರೆಯುದು ನಿಲ್ಲುವವರೆಗೆ."

ಧನಂಜಯ್ ಅರಬ್ಬಿಯಲ್ಲಿ ಬರೆಯತೊಡಗಿದಾಗ ಸಿರಾಜ್ ಬೇಡಿ ಹಾಕಿದ ಎರಡೂ ಕೈಗಳಿಂದ ಆ ಹಾಳೆಯನ್ನು ಒತ್ತಿ ಹಿಡಿದ.

"ಸಾರ್, ಕೊಲೆ ಬರೀರಿ. ನೇಣು ಹಾಕ್ಲಿ, ತಲೆ ತೆಗೀಲಿ. ಕಟ್ ಮಾಡಿದ ಮಾತು ಒಂದು ಬಿಡಿ. ಮಾಮಿಗೆ ಗೊತ್ತಾಗುದು ಬೇಡ."

ಅವನು ಏನು ಕೇಳುತ್ತಿದ್ದಾನೆಂದು ಧನಂಜಯ್ ತಿಳಿಸಿದ. ಬದರ್ ಸಿರಾಜ್‌ನ ಕೈಗಳನ್ನು ಮೆಲ್ಲಗೆ ಹಾಳೆಯಿಂದ ಎತ್ತಿಟ್ಟ. "ಬರೆ," ಎಂದ. "ಆ ಸತ್ತವನಿಗೆ ಇನ್ನು ಉಳಿದಿರುವುದು ಅದೊಂದೇ."

ಧನಂಜಯ್ ಬರೆದ. ಶಾಹುಲ್‌ನ ಹೆಣ ಊರು ಮುಟ್ಟುವುದಕ್ಕಿಂತ ಮೊದಲೇ ಫೋನು ಕಟ್ ಮಾಡಿದ್ದು ಸಿರಾಜ್ ಎಂಬ ಮಾತು ಮುಟ್ಟಿತು. ಝುಹ್ರಾಳ ತಾಯಿ ಕದೀಜಾ ಶಾಹುಲ್‌ನ ಮನೆಗೆ ನಡೆದು ಹೋದಳು. ಹೆಣ ಬಂದು, ಮಣ್ಣಾಗಿ, ಜನ ಚದುರುವವರೆಗೂ ಅವನ ತಾಯಿಯ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು.