ಒಂಬತ್ತನೇ ಕಾಲಂ

ಮೂರು ಮೇಲ್ ಕಳಿಸಿದರೂ ಆ ಮನುಷ್ಯ ಒಂದಕ್ಕೂ ಉತ್ತರ ಕೊಟ್ಟಿರಲಿಲ್ಲ. ನಾಲ್ಕನೆಯದನ್ನು ಅರ್ಧಕ್ಕೇ ಬಿಟ್ಟು, ಯಮುನಾ ಎಲೆಕ್ಟ್ರಾನಿಕ್ ಸಿಟಿಯ ಆಫೀಸಿನಿಂದ ಹೊರಟು ಬೊಮ್ಮನಹಳ್ಳಿಯ ಬಸ್ ಹತ್ತಿದಳು. ಸಿಕ್ಕರೆ ಚೆನ್ನಾಗಿ ಬೈಯಬೇಕು ಅಂದುಕೊಂಡೇ ಹೋದಳು.

ಅವಳ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ತಲೆನೋವು. ಬಟ್ಟೆ ಹೊಲಿಸುವ ಆ ಕಂಪನಿಯಲ್ಲಿ ಐಟಿಯವರು ಕೊಡುವ ಸರ್ವಿಸ್‌ಗಳು ಮೂವತ್ತೊಂದು. ಒಂದೊಂದರ ಬಗ್ಗೆಯೂ ಕನಿಷ್ಠ ಏನೇನು ಮಾಹಿತಿ ಇರಲೇಬೇಕೆಂದು ಗೊತ್ತುಮಾಡಿ, ವಿಚಾರಿಸಿ, ತುಂಬಿಸಬೇಕು. ಅವಳೇ ಕೂತು ಒಂಬತ್ತು ಕಾಲಂ ಮಾಡಿದ್ದಳು. ಸರ್ವಿಸ್‌ನ ಹೆಸರೇನು, ಯಾರಿಗೆ, ಎಷ್ಟು ಹೊತ್ತು, ಕೆಟ್ಟರೆ ಎಷ್ಟರೊಳಗೆ ಸರಿಯಾಗಬೇಕು, ಹೀಗೆ. ಕೊನೆಯದು, ನೋಡಿಕೊಳ್ಳುವವರು ಇಲ್ಲದಾಗ ಯಾರು.

ಬೊಮ್ಮನಹಳ್ಳಿಯ ಫ್ಯಾಕ್ಟರಿಯಲ್ಲಿ, ಹೊಲಿಗೆ ಮೆಷಿನ್ನುಗಳ ಗದ್ದಲದ ನಡುವೆ, ಬಟ್ಟೆಗೆ ಅಂಟಿಸುವ ಸ್ಟಿಕ್ಕರ್‌ಗಳ ಸರ್ವಿಸ್ ನೋಡಿಕೊಳ್ಳುವ ನಂದೀಶ ನೆಲದ ಮೇಲೆ ಕೂತು ಪ್ರಿಂಟರಿನ ಹೊಟ್ಟೆ ಬಿಚ್ಚಿದ್ದ. ಕೈಯೆಲ್ಲ ಮಸಿ.

"ನಂದೀಶ್ ಅಂದ್ರೆ ನೀವೇನಾ? ಮೇಲ್ ನೋಡೋ ಅಭ್ಯಾಸ ಇಲ್ವಾ?"

ಅವನು ತಲೆಯೆತ್ತಿದ. "ಇದೆ ಮೇಡಂ. ಬರೆಯೋಕೆ ಕೂತಾಗ್ಲೆಲ್ಲ ಇದು ಕೆಡುತ್ತೆ. ಇದು ನಿಂತ್ರೆ ಲೈನ್ ನಿಲ್ಲುತ್ತೆ. ಲೈನ್ ನಿಂತ್ರೆ ಚನ್ನಕ್ಕ ನನ್ನ ಸುಮ್ನೆ ಬಿಡಲ್ಲ."

ಲೈನ್ ಸೂಪರ್‌ವೈಸರ್ ಚನ್ನಕ್ಕ ಅಲ್ಲೇ ನಿಂತಿದ್ದಳು. "ಮೊದ್ಲು ಅವ್ನಿಗೆ ಆ ಬಟ್ಟೆ ಚೂರು ಕೊಡಿ ಮೇಡಂ. ಕೈ ಒರೆಸ್ಕೊಳ್ಳಿ. ಆಮೇಲೆ ಬೈಯಿರಂತೆ."

ಯಮುನಾ ಕೊಟ್ಟಳು. ಅವನ ಬೆರಳಿನ ಮಸಿ ಅವಳ ಬೆರಳಿಗೂ ತಾಗಿತು. ಅವನು ಅದನ್ನು ನೋಡಿದ, ಕ್ಷಮೆ ಕೇಳುವವನಂತೆ ಬಾಯಿ ತೆರೆದ, ನಕ್ಕುಬಿಟ್ಟ. ಬೈಯಲು ತಂದಿದ್ದ ಮಾತೆಲ್ಲ ಅವಳಿಗೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಅವತ್ತು ತುಂಬಿದ್ದು ಒಂದೇ ಕಾಲಂ. "ಇನ್ನೊಂದು ಮುಂದಿನ ಗುರುವಾರ" ಎಂದ.

ಹಾಗೆ ಗುರುವಾರಗಳು ಬಂದವು.

"ಇದನ್ನ ಯಾರು ಬಳಸ್ತಾರೆ?"

"ನಾನೂರ ಹನ್ನೆರಡು ಜನ."

"ಪ್ರೊಡಕ್ಷನ್ ಅಂತ ಬರ್ಕೊಳ್ಲಾ?"

"ಬರ್ಕೊಳ್ಳಿ. ಸ್ಟಿಕ್ಕರ್ ತಡ ಆದ್ರೆ ಅವ್ರು ಐದೂವರೆಗೆ ಮಕ್ಕಳನ್ನ ಕರ್ಕೊಂಡ್ಬರೋಕೆ ಹೋಗೋಕಾಗಲ್ಲ. ಅದಕ್ಕೆ ಕಾಲಂ ಇಲ್ವಾ?"

ಇರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಯಮುನಾ ಆ ಮಾತನ್ನೇ ಯೋಚಿಸಿದಳು. ಸಿಲ್ಕ್ ಬೋರ್ಡ್ ಕಡೆಯಿಂದ ಬಂದ ಜನ ಮೈಮೇಲೆ ಬಿದ್ದು ನೂಕುತ್ತಿದ್ದರೂ ಅವಳಿಗೆ ಕೇಳುತ್ತಿದ್ದದ್ದು ಅವನ ದನಿ. ಬೇಗೂರಿನಲ್ಲಿ ಆರು ಬಾಡಿಗೆ ಮನೆ ಕಟ್ಟಿಸಿರುವ ಗೋಪಾಲಪ್ಪನ ಮಗಳು ತಾನು, ಹೆಬ್ಬಗೋಡಿಯ ಒಂದು ಕೋಣೆಯಲ್ಲಿರುವವನ ದನಿ ಇದು ಎಂದು ನೆನಪಿಸಿಕೊಂಡಳು. ಏನೂ ಪ್ರಯೋಜನವಾಗಲಿಲ್ಲ.

ಎಂಟು ತುಂಬಿ, ಕೊನೆಯದು ಉಳಿಯಿತು.

"ನೀವಿಲ್ದಾಗ ಯಾರು ನೋಡ್ಕೋತಾರೆ?"

"ಯಾರೂ ಇಲ್ಲ."

"ಖಾಲಿ ಬಿಡೋ ಹಾಗಿಲ್ಲ ಕಣ್ರೀ."

"ಹಂಗಾದ್ರೆ ಮುಂದಿನ ವಾರಾನೂ ಬಂದು ಕೇಳಿ." ಸ್ಕ್ರೂ ತಿರುಗಿಸುತ್ತಲೇ ಹೇಳಿದ. ಅವಳ ಕಡೆ ನೋಡಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ಸೋಮವಾರ ಮ್ಯಾನೇಜರ್ ಪ್ರಸನ್ನ ಅವಳನ್ನು ಕರೆದ. ಮಾಹಿತಿ ಪೂರ್ತಿಯಾದ ಸರ್ವಿಸ್‌ಗಳನ್ನೆಲ್ಲ ಹೊರಗಿನ ಏಜೆನ್ಸಿಗೆ ಒಪ್ಪಿಸುವುದಂತೆ. ಈಗ ಅವನ್ನು ನೋಡಿಕೊಳ್ಳುತ್ತಿರುವ ಹುಡುಗರಿಗೆ ಕೆಲಸ ತಿಂಗಳ ಕೊನೆಯವರೆಗೆ ಮಾತ್ರ.

"ಸಾರ್, ಬೊಮ್ಮನಹಳ್ಳೀಲಿ ಇರೋರು?"

"ನಮ್ಮ ಕೈಲಿಲ್ಲ ಯಮುನಾ. ಒಂಬತ್ತನೇ ಕಾಲಂಗೆ ಏಜೆನ್ಸಿ ನಂಬರ್ ಹಾಕಿ, ಮುಗೀತು."

ಅವಳು ಹಾಕಲಿಲ್ಲ. ನಂದೀಶನನ್ನು ಉಳಿಸಿಕೊಳ್ಳಿ ಎಂದು ಮೇಲಿನವರಿಗೆ ಎರಡು ಪುಟ ಬರೆದಳು. ಎರಡೇ ಸಾಲಿನ ಉತ್ತರ ಬಂತು, ಬಹಳ ಮರ್ಯಾದೆಯಿಂದ. ಗುರುವಾರ ಬೆಳಿಗ್ಗೆ ಫೈಲ್ ತೆರೆದು ನೋಡಿದರೆ ಪ್ರಸನ್ನನೇ ನಂಬರ್ ತುಂಬಿಸಿ ಕಳಿಸಿಯೂ ಆಗಿತ್ತು. ಕಾಲಂ ಮಾಡಿದವಳು ತಾನೇ. ಅಳಿಸುವ ಅಧಿಕಾರ ಮಾತ್ರ ತನಗಿರಲಿಲ್ಲ.

ಸಂಜೆ ಐದೂವರೆಗೆ ಫ್ಯಾಕ್ಟರಿ ಗೇಟಿನ ಹತ್ತಿರ ಕಾದಳು. ನಂದೀಶ ಬಂದ. ಅವಳ ಮುಖ ನೋಡಿದವನೇ, "ಗೊತ್ತು" ಎಂದ.

"ಯಾವಾಗಿಂದ?"

"ನೀವು ಮೊದಲ್ನೇ ಸಲ ಬರೋಕ್ಮುಂಚೆಯಿಂದ್ಲೂ. ಬರೆಯೋಕೆ ಕೂತಾಗ್ಲೆಲ್ಲ ಪ್ರಿಂಟರ್ ಕೆಡುತ್ತೆ ಅಂದಿದ್ದು ಸುಳ್ಳು. ಮೇಲ್‌ಗೆ ಉತ್ತರ ಬರೀದೆ ಇದ್ದಿದ್ದೇ ಅದಕ್ಕೆ."

"ಮತ್ತೆ ನಂಗ್ಯಾಕೆ ಎಲ್ಲಾ ಹೇಳಿದ್ರಿ?"

"ಹೇಳದೇ ಇದ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ಒಂದೇ ದಿನ ಹೇಳಿದ್ರೂ ಬರ್ತಿರ್ಲಿಲ್ಲ. ಅದಕ್ಕೇ ವಾರಕ್ಕೊಂದು."

ಹೊಸೂರು ರಸ್ತೆಯ ಅಷ್ಟು ಜನರ ಮಧ್ಯೆ ಯಮುನಾ ಅತ್ತುಬಿಟ್ಟಳು. "ನನ್ನ ಕೈಯಾರೆ ನಿಮ್ ಕೆಲಸ ಕಳೆದ್ಬಿಟ್ಟೆ."

"ನೀವಲ್ದೇ ಇದ್ರೆ ಇನ್ನೊಬ್ರು ಬಂದು ಕೇಳ್ತಿದ್ರು. ಅವ್ರು ನಂಗೆ ಇಷ್ಟ ಆಗ್ತಿರ್ಲಿಲ್ಲ, ಅಷ್ಟೆ."

ಅವಳು ವೇಲಿನಿಂದ ಕಣ್ಣೊರೆಸಿಕೊಂಡಳು. "ಭಾನುವಾರ ಬೇಗೂರಿಗೆ ಬನ್ನಿ. ಅಪ್ಪ ಮನೇಲಿರ್ತಾರೆ."

"ಕೆಲಸ ಇಲ್ದೆ ಅವ್ರ ಮುಂದೆ ಹೆಂಗ್ ನಿಂತ್ಕೊಳ್ಲಿ ಯಮುನಾ?" ಮೊದಲ ಬಾರಿಗೆ ಅವಳ ಹೆಸರು ಅವನ ಬಾಯಿಂದ ಬಂದಿತ್ತು.

"ನಿಂತ್ಕೋಬೇಡಿ. ಕೂತ್ಕೊಳ್ಳಿ."

ಅವನು ನಕ್ಕ. ನಗು ಅರ್ಧಕ್ಕೇ ನಿಂತು, ಕಣ್ಣು ತುಂಬಿತು. ಹೆಬ್ಬಗೋಡಿಯ ಬಸ್ ಬಂದು ನಿಂತಿತು, ಕಂಡಕ್ಟರ್ ಕೂಗಿದ, ಬಸ್ ಹೋಯಿತು. ನಂದೀಶ ಹತ್ತಲಿಲ್ಲ. ಗೇಟಿನಿಂದ ಹೆಂಗಸರು ಗುಂಪುಗುಂಪಾಗಿ ಹೊರಬರುತ್ತಿದ್ದರು. ಆ ನೂಕಿನಲ್ಲಿ ಅವನು ಅವಳ ಕೈ ಹಿಡಿದುಕೊಂಡ. ಅವಳೂ ಬಿಡಿಸಿಕೊಳ್ಳಲಿಲ್ಲ.