ಬಳ್ಳೊಳ್ಳಿ ಬಿಟ್ಟ ಕಥೆ

ತೊಂಬತ್ತೇಳನೆಯ ಇಸವಿ. ಬೈಲಹೊಂಗಲದ ಗೌರೀಶನ ಮ್ಯಾಚಿಂಗ್ ಸೆಂಟರ್‌ಗೆ ನಾನು ಹೋದಾಗಲೆಲ್ಲ ಅವನು ಬಾಯಿಗೆ ಕರವಸ್ತ್ರ ಹಿಡಿಯುತ್ತಿದ್ದ. ಕಣ್ಣುಗಳು ಮಾತ್ರ ನನ್ನ ಜಡೆಯಿಂದ ಬಳೆಗೆ, ಬಳೆಯಿಂದ ಮತ್ತೆ ಜಡೆಗೆ ಓಡಾಡುತ್ತಿದ್ದವು.

ನಾನು ದೊಡವಾಡದಲ್ಲಿ ಬ್ಲೌಸ್ ಹೊಲಿಯುವವಳು. ದಾರ, ಲೈನಿಂಗ್ ಬಟ್ಟೆ ತರಲು ಅವನ ಅಂಗಡಿಗೇ ಹೋಗಬೇಕು. ಬೆಳಿಗ್ಗೆ ರೊಟ್ಟಿ ಜೊತೆ ಬಳ್ಳೊಳ್ಳಿ ಖಾರ ತಿಂದು ಬಸ್ ಹತ್ತುತ್ತಿದ್ದೆ. ಅದರ ವಾಸನೆಗೇ ಮೂಗು ಬಾಯಿ ಮುಚ್ಚಿಕೊಳ್ಳುತ್ತಾನೆ ಎಂದುಕೊಂಡು ಖಾರ ಬಿಟ್ಟೆ.

"ಯಾವ ದೇವರಿಗೆ ಹರಕಿ ಹೊತ್ತಿಯೇ?" ಎಂದಳು ಅವ್ವ.

ಅಷ್ಟಾದರೂ ಕರವಸ್ತ್ರ ಇಳಿಯಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ. "ನನ್ನ ಬಾಯಿ ಈಗೂ ನಾರತೈತೇನ್ರಿ?"

ಅವನ ಕೈಯಲ್ಲಿದ್ದ ಸೀರೆ ಫಾಲ್ಸಿನ ಸುರುಳಿ ಬಿಚ್ಚಿಕೊಂಡು ಕೆಳಗೆ ಉರುಳಿತು. "ನಿಮ್ಮದಲ್ಲರಿ, ನಂದು."

ಕರವಸ್ತ್ರವನ್ನು ಒಂದು ಕ್ಷಣ ಸರಿಸಿದ. ವಸಡುಗಳು ಉಬ್ಬಿ ಹಲ್ಲನ್ನು ಅರ್ಧ ಮುಚ್ಚಿದ್ದವು. ಸಣ್ಣವನಿದ್ದಾಗ ಮೂರ್ಛೆ ಬಂದು ಬೀಳುತ್ತಿದ್ದನಂತೆ. ಅಂದಿನಿಂದ ದಿನಾ ಗುಳಿಗೆ. ಬೀಳುವುದು ನಿಂತಿತು. ಆದರೆ ಗುಳಿಗೆಯಿಂದ ವಸಡು ಬೆಳೆಯಿತು, ಹಗಲೂ ಜೋಂಪು ಹತ್ತತೊಡಗಿತು.

"ಇಷ್ಟೇ ಏನ್ರಿ? ನಾ ಸುಮ್ಮನ ಖಾರ ಬಿಟ್ಟೆ," ಎಂದೆ.

"ಖಾರ ಬಿಟ್ರಿ? ನನ್ನ ಸಲುವಾಗಿ?"

"ಮತ್ತ್ಯಾರ ಸಲುವಾಗಿ, ನಿಮ್ಮ ಅಂಗಡಿ ಬಾಗಲಾ ಸಲುವಾಗೇನು?"

ಕರವಸ್ತ್ರದ ಹಿಂದೆ ಅವನು ನಕ್ಕ. ಕಣ್ಣಂಚಿನ ಸುಕ್ಕು ನೋಡಿ ತಿಳಿಯಿತು. ಆ ನಗುವನ್ನು ಪೂರ್ತಿ ನೋಡುವ ಆಸೆ ನನಗೆ ಅಲ್ಲೇ ಹುಟ್ಟಿತು.

ಮನೆಯವರು ಒಪ್ಪಿ ಮದುವೆ ಗೊತ್ತಾಯಿತು. ದಾರ ತರಲು ಹೋದಾಗ ಗೌರೀಶ ಹಿಗ್ಗಿನಿಂದ ಹೇಳಿದ, "ಅನ್ನಪೂರ್ಣಾ, ನಿನ್ನಿಯಿಂದ ಗುಳಗಿ ಬಿಟ್ಟೇನಿ."

"ಯಾಕ?" ಎಂದೆ.

"ಮದವ್ಯಾಗ ನಿನ್ನ ಹೆಸರ ಹಾಕಿ ಒಡಪು ಹೇಳಬೇಕಲ್ಲ. ಮಂದಿ ಮುಂದ ಈ ಬಾಯಿ ಹೆಂಗ ತಗೀಲಿ? ಅಷ್ಟರಾಗ ವಸಡು ಇಳೀತಾವ."

"ನೀ ಬಿದ್ರ ನಾ ಯಾರ ಹೆಸರ ಹೇಳ್ಲಿ?" ಕೈಯಲ್ಲಿದ್ದ ದಾರದ ಉಂಡೆ ಅಲ್ಲೇ ಇಟ್ಟೆ. "ಆ ಗುಳಗಿ ನಿನ್ನ ಜ್ವಾಪಾನ ಮಾಡಿ ನನ್ನ ಮಟಾ ತಂದೈತಿ. ನಾ ಅದಕ್ಕ ಕೈ ಮುಗಿಯಾಕ ಹತ್ತೇನಿ, ನೀ ಬೀಸಿ ಒಗೀತಿ. ಅಂಗಡಿ ಬಾಗಲಾ ಹಾಕು, ನಡಿ."

ಮುಂದಿನ ಬಸ್ಸಿಗೇ ಧಾರವಾಡಕ್ಕೆ ಹೋದೆವು. ಅವನಿಗೆ ಗುಳಿಗೆ ಬರೆದುಕೊಡುತ್ತಿದ್ದ ಡಾಕ್ಟರು ಗದರಿದರು. ವಸಡಿಗೆ ಹಲ್ಲಿನ ಡಾಕ್ಟರನ್ನು ಕಾಣು, ಗುಳಿಗೆ ಬದಲಿಸುವುದಿದ್ದರೆ ನಾನು ಬದಲಿಸುತ್ತೇನೆ, ನೀನಾಗಿ ಬಿಡಬೇಡ ಎಂದರು. ಅಂದೇ ಗುಳಿಗೆ ಮತ್ತೆ ಶುರುವಾಯಿತು.

ಬರುವಾಗ ಜೋಂಪು ಹತ್ತಿ ಅವನ ತಲೆ ನನ್ನ ಹೆಗಲಿಗೆ ಬಂತು. ಕಂಡಕ್ಟರ್ ನೋಡಿದ. ನೋಡಲಿ ಬಿಡು ಎಂದು ನಾನು ಕಿಟಕಿಯಾಚೆಯ ಜೋಳದ ಹೊಲ ನೋಡುತ್ತ ಕೂತೆ.

ಅಕ್ಷತೆ ಬಿದ್ದ ಮೇಲೆ ನನ್ನ ಸೋದರತ್ತೆ ಮಾಯವ್ವ ಬಾಗಿಲಿಗೆ ಅಡ್ಡ ನಿಂತಳು. "ಹೆಸರ ಹೇಳದ ಒಳಗ ಬಿಡಾಂಗಿಲ್ಲ, ಅಳಿಯಾ."

ಗೌರೀಶನ ಕೈ ಜೇಬಿಗೆ ಹೋಯಿತು, ಕರವಸ್ತ್ರ ಹೊರಗೆ ಬಂತು. ಅವನು ನನ್ನ ಮುಖ ನೋಡಿದ. ನಂತರ ಅದನ್ನು ಮಡಚಿ ನನ್ನ ಅಂಗೈಯಲ್ಲಿಟ್ಟ.

"ಬೈಲಹೊಂಗಲ ಪ್ಯಾಟ್ಯಾಗ ಬಣ್ಣಬಣ್ಣದ ದಾರ,
ಅನ್ನಪೂರ್ಣಾ ಇನ್ನ ತಿನ್ನಲಿ ಬಳ್ಳೊಳ್ಳಿ ಖಾರ."

ಮಾಯವ್ವನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಗೌರೀಶನೂ ನಕ್ಕ, ವಸಡು ಹಲ್ಲು ಎಲ್ಲ ಕಾಣುವಂತೆ. ನಾನು ಕಣ್ತುಂಬ ನೋಡಿದೆ.

ಇವತ್ತಿಗೂ ಊಟವಾದ ಮೇಲೆ ಅವನ ಗುಳಿಗೆ ನಾನೇ ಕೊಡುತ್ತೇನೆ. ಕರವಸ್ತ್ರ ನನ್ನ ಟ್ರಂಕಿನಲ್ಲಿದೆ. ಅವನು ತಿರುಗಿ ಕೇಳಿಯೇ ಇಲ್ಲ.